ನಿಂತ ಬೈಕಿಗೆ ಬಾಡಿಗೆ ಎಷ್ಟು?

ಎಂಟನೇ ಸೆಮಿಸ್ಟರ್ ಮುಗಿದು ಎರಡು ತಿಂಗಳಾದ ಮೇಲೆ ಯಾವ ಹಾಸ್ಟೆಲ್, ಯಾವ ಪಿಜಿ ಶೆಡ್ಡಿಗೆ ಹೋದ್ರೂ ಒಂದೇ ದೃಶ್ಯ. ಗಾಳಿ ಇಳಿದ ಟೈರಿನ ಮೇಲೆ ಕೂತ ನಾಲ್ಕೈದು ಬೈಕು, ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಓನರ್ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿರ್ತಾನೆ, ಇಲ್ಲ ಎಂಎಸ್ ಮಾಡೋಕೆ ವಿಮಾನ ಹತ್ತಿರ್ತಾನೆ. "ಮುಂದಿನ ಸಲ ಬಂದಾಗ ತಗೊಂಡು ಹೋಗ್ತೀನಿ" ಅಂದಿರ್ತಾನೆ. ಆ ಮುಂದಿನ ಸಲ ಬರೋದೇ ಇಲ್ಲ.

ಬರೋದು ಒಂದು ಫೋನು. "ನಿಮ್ ಗಾಡಿ ಜಾಗ ಹಿಡ್ಕೊಂಡಿತ್ತು, ತೆಗೆಸಿ ಬೇರೆ ಕಡೆ ಹಾಕ್ಸಿದೀವಿ. ಟೆಂಪೋ ಖರ್ಚು 2,000. ಜಾಗದ ಬಾಡಿಗೆ ದಿನಕ್ಕೆ 100 ರೂಪಾಯಿ, ಎಂಟು ತಿಂಗಳಿಗೆ 24,000. ಒಟ್ಟು 26,000 ಕೊಟ್ಟು ಗಾಡಿ ಬಿಡಿಸ್ಕೊಂಡು ಹೋಗಿ." ಇದು ಉದಾಹರಣೆಗೆ ಹಾಕಿಕೊಂಡ ಲೆಕ್ಕ ಅಷ್ಟೇ, ಆದ್ರೆ ಧಾಟಿ ಎಲ್ಲರಿಗೂ ಗೊತ್ತಿರೋದೇ. ಬೈಕ್ ಮಾರಿದ್ರೆ 25,000 ಬಂದ್ರೆ ಹೆಚ್ಚು.

ಇಂಥ ಫೋನ್ ಬಂದಾಗ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡ್ತಾರೆ. ಜಗಳ ಯಾಕೆ ಅಂತ ಅಪ್ಪನ ಹತ್ರ ದುಡ್ಡು ತಗೊಂಡು ಕಟ್ತಾರೆ, ಇಲ್ಲ "ಗಾಡಿ ನೀವೇ ಇಟ್ಕೊಳ್ಳಿ" ಅಂತ ಕೈತೊಳೆದುಕೊಳ್ತಾರೆ. ಎರಡೂ ನಷ್ಟವೇ. ಮೂರನೇ ದಾರಿ ಒಂದಿದೆ. "ಎಷ್ಟು" ಅಂತ ಚೌಕಾಸಿ ಮಾಡೋ ಮೊದಲು "ಯಾವ ಹಕ್ಕಿನ ಮೇಲೆ" ಅಂತ ಕೇಳೋದು. ಗಾಡಿ ಯಾರ ಕೈಯಲ್ಲಿದೆ, ಅವರ ಕೈಗೆ ಹೇಗೆ ಬಂತು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ಕೆಲವರಿಗೆ ಪೂರ್ತಿ ಹಣ ಕೇಳುವ ಹಕ್ಕಿದೆ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಏನೂ ಇಲ್ಲ. ಒಂದೊಂದಾಗಿ ನೋಡೋಣ.

ರಸ್ತೆಯಿಂದ ಎತ್ತಿದ್ದರೆ

ಬಿಟ್ಟುಹೋದ ವಾಹನವನ್ನ ಎತ್ತುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 127ರಲ್ಲಿದೆ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ವಾರಸುದಾರರಿಲ್ಲದಂತೆ ನಿಂತ ವಾಹನವನ್ನ, ಅಥವಾ ಪಾರ್ಕಿಂಗ್ ನಿಷೇಧ ಇರುವ ಕಡೆ ನಿಲ್ಲಿಸಿದ್ದನ್ನ, ಟೋಯಿಂಗ್ ಮಾಡಿಸಬಹುದು, ಚಕ್ರಕ್ಕೆ ಕ್ಲಾಂಪ್ ಹಾಕಿಸಬಹುದು. ಆದ್ರೆ ಅದಕ್ಕೆ ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯ ಅನುಮತಿ ಬೇಕು. ಹಾಗೆ ಅನುಮತಿ ಇದ್ದು ಎತ್ತಿದ್ದರೆ ಟೋಯಿಂಗ್ ಖರ್ಚು ಮಾಲೀಕನದೇ, ದಂಡ ಬೇರೆ.

ಇಲ್ಲಿ ಗಮನಿಸಬೇಕಾದ ಪದಗಳು ಎರಡು. ಒಂದು, "ಸಾರ್ವಜನಿಕ ಸ್ಥಳ". ಕಾಯ್ದೆಯ ಪ್ರಕಾರ ಅದು ಸಾರ್ವಜನಿಕರಿಗೆ ಹೋಗುವ ಹಕ್ಕಿರುವ ರಸ್ತೆ, ದಾರಿ ಅಥವಾ ಜಾಗ. ಗೇಟು ಹಾಕಿ, ವಾಚ್‌ಮ್ಯಾನ್ ಕೂರಿಸಿದ ಅಪಾರ್ಟ್‌ಮೆಂಟ್ ಬೇಸ್‌ಮೆಂಟನ್ನ ಆ ಪಟ್ಟಿಗೆ ಸೇರಿಸೋದು ಕಷ್ಟ. ಎರಡು, "ಪೊಲೀಸ್ ಅಧಿಕಾರಿ". ಟೋಯಿಂಗ್ ಲಾರಿ ಖಾಸಗಿಯವರದೇ ಇರಬಹುದು. ಬೆಂಗಳೂರಿನಲ್ಲಿ ಗುತ್ತಿಗೆ ಲಾರಿಗಳ ಕಾಟದ ಬಗ್ಗೆ ಜನ ರೊಚ್ಚಿಗೆದ್ದು 2022ರ ಆರಂಭದಲ್ಲಿ ಸರ್ಕಾರವೇ ಟೋಯಿಂಗ್ ನಿಲ್ಲಿಸಿದ್ದು ಹಲವರಿಗೆ ನೆನಪಿರಬಹುದು. ಆದ್ರೆ ಲಾರಿಯವನಿಗೆ ಸ್ವಂತ ಅಧಿಕಾರ ಇಲ್ಲ. ಹಾಗಾಗಿ ರಸ್ತೆಯಿಂದ ಎತ್ತಿದ ಗಾಡಿಗೆ ಕೇಳಬೇಕಾದ್ದು ಇಷ್ಟೇ: ಯಾವ ಠಾಣೆ, ಯಾವ ಅಧಿಕಾರಿ, ಯಾವ ದಿನ, ಎಷ್ಟು ಗಂಟೆಗೆ, ರಸೀದಿ ಎಲ್ಲಿ? ಇವಕ್ಕೆ ಉತ್ತರ ಇದ್ದರೆ ನಿಗದಿಯಾದ ದರ ಕಟ್ಟಿ ಬಿಡಿಸಿಕೊಳ್ಳಿ. ಉತ್ತರ ಇಲ್ಲದಿದ್ದರೆ ಸೀದಾ ಠಾಣೆಗೆ ಹೋಗಿ.

ಖಾಸಗಿ ಜಾಗದಿಂದ ತೆಗೆಸಿದ್ದರೆ

ನಮಗೆ ಹೆಚ್ಚಾಗಿ ಎದುರಾಗೋದು ಇದೇ. ಪಿಜಿ ಓನರ್, ಅಪಾರ್ಟ್‌ಮೆಂಟ್ ಅಸೋಸಿಯೇಷನ್, ಖಾಲಿ ಸೈಟಿನ ಯಜಮಾನ. ಅವರ ಸಿಟ್ಟಿನಲ್ಲಿ ನ್ಯಾಯ ಇದೆ, ಅವರ ಜಾಗ ನಾವು ಹಿಡಿದಿರೋದು ನಿಜ. ಹಾಗಂತ ಅವರೇ ದರ ನಿಗದಿ ಮಾಡಿ, ಅವರೇ ವಸೂಲಿ ಮಾಡಬಹುದಾ?

ಹಳ್ಳಿ ಕಡೆಯವರಿಗೆ ದನದ ದೊಡ್ಡಿ ಗೊತ್ತಿರುತ್ತೆ, ಉತ್ತರ ಕರ್ನಾಟಕದ ಕಡೆ ಕೊಂಡವಾಡ ಅಂತಾರೆ. ಹೊಲಕ್ಕೆ ನುಗ್ಗಿದ ದನವನ್ನ ಹಿಡಿದು ದೊಡ್ಡಿಗೆ ಹೊಡೆಯುವ ಹಕ್ಕನ್ನ 1871ರ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆ ರೈತನಿಗೆ ಕೊಟ್ಟಿತ್ತು. ಅಲ್ಲೂ ರೈತ ದನವನ್ನ ತನ್ನ ಕೊಟ್ಟಿಗೆಯಲ್ಲಿ ಕಟ್ಟಿಕೊಂಡು "ಸಾವಿರ ಕೊಡು" ಅನ್ನುವ ಹಾಗಿರಲಿಲ್ಲ. 24 ಗಂಟೆಯೊಳಗೆ ಸರ್ಕಾರಿ ದೊಡ್ಡಿಗೆ ಕಳಿಸಬೇಕಿತ್ತು. ದಂಡ, ಮೇವಿನ ಖರ್ಚು ಎಲ್ಲ ಸರ್ಕಾರ ಗೊತ್ತುಮಾಡಿದ್ದೇ. ದನಕ್ಕೆ ಇಷ್ಟು ವ್ಯವಸ್ಥೆ ಇತ್ತು. ಖಾಸಗಿ ಜಾಗದಲ್ಲಿ ನಿಂತ ಬೈಕಿಗೆ, ಜಾಗದ ಯಜಮಾನ ತಾನೇ ಶುಲ್ಕ ಹಾಕಿ ಒತ್ತೆ ಇಟ್ಟುಕೊಳ್ಳಬಹುದು ಅನ್ನುವ ಅಂಥ ಕಾಯ್ದೆ ನಮ್ಮಲ್ಲಿ ಇಲ್ಲ. ಆದ್ದರಿಂದ ಅವರು 1872ರ ಕರಾರು ಕಾಯ್ದೆಯಲ್ಲಿ ಆಸರೆ ಹುಡುಕಬೇಕು. ಅಲ್ಲಿ ಅವರಿಗೆ ಸಿಗಬಹುದಾದ ಎಳೆಗಳು ಮೂರು.

ಮೊದಲನೆಯದು ಒಪ್ಪಂದ. ಪಿಜಿಗೆ ಸೇರುವಾಗ ಸಹಿ ಹಾಕಿದ ಫಾರ್ಮಿನಲ್ಲಿ "ಖಾಲಿ ಮಾಡಿದ ಮೇಲೆ ವಾಹನ ಬಿಟ್ಟರೆ ದಿನಕ್ಕೆ ಇಷ್ಟು" ಅಂತ ಇದ್ರೆ ಅದಕ್ಕೆ ಬೆಲೆ ಇದೆ. ಆದ್ರೆ ಪೂರ್ತಿ ಬೆಲೆ ಅಲ್ಲ. ಸೆಕ್ಷನ್ 74ರ ಪ್ರಕಾರ ಒಪ್ಪಂದ ಮುರಿದದ್ದಕ್ಕೆ ಅಂತ ಮೊದಲೇ ಬರೆದಿಟ್ಟ ಮೊತ್ತ ಒಂದು ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದಷ್ಟು ಪರಿಹಾರ ಮಾತ್ರ ಸಿಗುತ್ತೆ. ಬರೆದಿಟ್ಟಿದ್ದು ಏನೂ ಇಲ್ಲ, ಈಗ ಫೋನಿನಲ್ಲಿ ಹೇಳ್ತಿರೋದೇ ಮೊದಲು ಅಂತಾದ್ರೆ ಅದು ಒಪ್ಪಂದ ಅಲ್ಲ. ಒಬ್ಬರೇ ಕೂತು ಒಪ್ಪಂದ ಮಾಡಿಕೊಳ್ಳೋಕೆ ಆಗಲ್ಲ.

ಎರಡನೆಯದು, ಬಿದ್ದು ಸಿಕ್ಕ ವಸ್ತುವಿನ ನಿಯಮ. ಸೆಕ್ಷನ್ 168ರ ಪ್ರಕಾರ ಬೇರೆಯವರ ವಸ್ತು ಸಿಕ್ಕವನು ಅದನ್ನ ಕಾಪಾಡೋಕೆ, ಮಾಲೀಕನನ್ನ ಹುಡುಕೋಕೆ ಪಟ್ಟ ಶ್ರಮ ಮತ್ತು ಖರ್ಚಿಗಾಗಿ ವಸ್ತುವನ್ನ ಹಿಡಿದಿಟ್ಟುಕೊಳ್ಳಬಹುದು. ಆದ್ರೆ ಅದಕ್ಕಾಗಿ ಮಾಲೀಕನ ಮೇಲೆ ದಾವೆ ಹೂಡುವ ಹಕ್ಕು ಅವನಿಗಿಲ್ಲ. ಇನ್ನೊಂದು ವಿಷಯ: ಯಾರ ಬೈಕ್ ಅಂತ ಗೊತ್ತಿದ್ದು, ರಿಜಿಸ್ಟರಿನಲ್ಲಿ ಫೋನ್ ನಂಬರ್ ಇದ್ದು, ಎಂಟು ತಿಂಗಳು ಸುಮ್ಮನಿದ್ದವರು "ನನಗೆ ಸಿಕ್ಕಿತು" ಅನ್ನೋದು ಹೇಗೆ? ಮಾಲೀಕನನ್ನ ಹುಡುಕಿದ ಖರ್ಚು ಅಂತೂ ಶೂನ್ಯ.

ಮೂರನೆಯದು ಸೆಕ್ಷನ್ 70. ಪುಕ್ಕಟೆ ಅಲ್ಲ ಅನ್ನೋ ಉದ್ದೇಶದಿಂದ ಒಬ್ಬರು ಇನ್ನೊಬ್ಬರಿಗಾಗಿ ಕಾನೂನುಬದ್ಧವಾಗಿ ಏನಾದರೂ ಮಾಡಿ, ಅದರ ಪ್ರಯೋಜನ ಇವರು ಪಡೆದರೆ, ಪರಿಹಾರ ಕೊಡಬೇಕು. ಕೇಳೋಕೆ ಇದು ಪಿಜಿ ಓನರ್ ಪರವಾಗಿಯೇ ಇದೆ. ಆದ್ರೆ ಪಶ್ಚಿಮ ಬಂಗಾಳ ಸರ್ಕಾರ ಮತ್ತು ಬಿ.ಕೆ. ಮಂಡಲ್ ಆಂಡ್ ಸನ್ಸ್ ನಡುವಿನ ಪ್ರಸಿದ್ಧ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಬೇಲಿ ಹಾಕಿದೆ. ಪ್ರಯೋಜನ ಪಡೆದವನಿಗೆ "ಬೇಡ" ಅನ್ನುವ ಅವಕಾಶ ಇರಬೇಕು, ಇದ್ದೂ ಅವನು ಒಪ್ಪಿಕೊಂಡಿರಬೇಕು. ಹೇಳದೇ ಕೇಳದೇ ನನ್ನ ಬೈಕನ್ನ ದಿನಕ್ಕೆ 100 ರೂಪಾಯಿ ಜಾಗಕ್ಕೆ ಸಾಗಿಸಿದ್ರೆ, ಬೇಡ ಅನ್ನೋಕೆ ನನಗೆ ಅವಕಾಶವೇ ಇರಲಿಲ್ಲ ಅಲ್ವಾ?

ಗ್ಯಾರೇಜಿನಲ್ಲಿ ಉಳಿದಿದ್ದರೆ

ಗ್ಯಾರೇಜಿನವರ ಸ್ಥಾನ ಇದಕ್ಕಿಂತ ಗಟ್ಟಿ. ಗಾಡಿ ಅಲ್ಲಿಗೆ ಕೊಟ್ಟವರು ನಾವೇ. ಒಂದು ಕೆಲಸಕ್ಕೆ ಅಂತ ವಸ್ತುವನ್ನ ಇನ್ನೊಬ್ಬರ ಕೈಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ಪಡೆಯೋದನ್ನ ಕಾನೂನು ಬೇಲ್‌ಮೆಂಟ್ ಅನ್ನುತ್ತೆ. ಸೆಕ್ಷನ್ 170ರ ಪ್ರಕಾರ, ಆ ವಸ್ತುವಿನ ಮೇಲೆ ಶ್ರಮ ಅಥವಾ ಕೌಶಲ ಹಾಕಿ ಕೆಲಸ ಮಾಡಿದವನು ತನ್ನ ಕೂಲಿ ಬರುವ ತನಕ ಅದನ್ನ ಹಿಡಿದಿಟ್ಟುಕೊಳ್ಳಬಹುದು. ಕಾಯ್ದೆಯಲ್ಲೇ ಉದಾಹರಣೆ ಇದೆ: ಒರಟು ವಜ್ರಕ್ಕೆ ಸಾಣೆ ಹಿಡಿದು ಹೊಳಪು ಕೊಟ್ಟ ಅಕ್ಕಸಾಲಿಗ, ಕೂಲಿ ಸಿಗುವ ತನಕ ವಜ್ರ ಕೊಡಬೇಕಿಲ್ಲ.

ಅಂದ್ರೆ ಕ್ಲಚ್ ಪ್ಲೇಟ್ ಬದಲಿಸಿದ 3,500 ರೂಪಾಯಿಗೆ ಮೆಕ್ಯಾನಿಕ್ ನಿಮ್ಮ ಗಾಡಿ ಇಟ್ಟುಕೊಳ್ಳಬಹುದು. ಅದು ಅವನ ಹಕ್ಕು, ಅದರ ಜೊತೆ ವಾದ ಬೇಡ. ಆದ್ರೆ ಗಾಡಿ ಸುಮ್ಮನೆ ಮೂಲೆಯಲ್ಲಿ ನಿಂತದ್ದರಲ್ಲಿ ಶ್ರಮವೂ ಇಲ್ಲ, ಕೌಶಲವೂ ಇಲ್ಲ. ಹಾಗಾಗಿ ನಿಲ್ಲಿಸಿಕೊಂಡ ಬಾಡಿಗೆಗಾಗಿ ಗಾಡಿ ಹಿಡಿಯುವ ಹಕ್ಕು ಈ ಸೆಕ್ಷನ್ನಿನಿಂದ ಹುಟ್ಟೋದಿಲ್ಲ. ಜಾಬ್ ಕಾರ್ಡಿನಲ್ಲಿ "ರೆಡಿ ಅಂತ ತಿಳಿಸಿದ ಇಷ್ಟು ದಿನದ ನಂತರ ಪಾರ್ಕಿಂಗ್ ಶುಲ್ಕ" ಅಂತ ಬರೆದು, ನೀವು ಸಹಿ ಹಾಕಿದ್ದರೆ ಮಾತು ಬೇರೆ. ಆಗ ಮೇಲೆ ಹೇಳಿದ ಒಪ್ಪಂದದ ಲೆಕ್ಕ ಬರುತ್ತೆ.

ಇದರ ಬಗ್ಗೆ ಒಂದು ಹಳೇ ತೀರ್ಪು ಇದೆ. ಇಂಗ್ಲೆಂಡಿನಲ್ಲಿ ಹಡಗು ರಿಪೇರಿ ಮಾಡಿದವರು ಹಣ ಬಾಕಿ ಇದೆ ಅಂತ ಹಡಗನ್ನ ತಮ್ಮ ಡಾಕಿನಲ್ಲೇ ಇಟ್ಟುಕೊಂಡರು, ಹಾಗೆ ಇಟ್ಟುಕೊಂಡ ದಿನಗಳಿಗೆ ಡಾಕಿನ ಬಾಡಿಗೆಯನ್ನೂ ಕೇಳಿದರು. 1860ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನ ಒಪ್ಪಲಿಲ್ಲ. ತನ್ನ ಬಾಕಿಗೆ ಭದ್ರತೆ ಅಂತ ವಸ್ತು ಹಿಡಿದಿಟ್ಟುಕೊಂಡವನು ತನ್ನ ಅನುಕೂಲಕ್ಕೇ ಇಟ್ಟುಕೊಂಡ ಹಾಗೆ, ಅದಕ್ಕೆ ಬಾಡಿಗೆ ಯಾಕೆ ಅನ್ನೋದು ಅದರ ತರ್ಕ. ಇಂಗ್ಲೆಂಡಿನ ತೀರ್ಪು ನಮ್ಮ ಕೋರ್ಟುಗಳನ್ನ ಕಟ್ಟಿಹಾಕೋದಿಲ್ಲ. ಆದ್ರೆ ನಮ್ಮ ಕರಾರು ಕಾಯ್ದೆಯ ಬೇರು ಅಲ್ಲೇ ಇರೋದರಿಂದ ಇಂಥ ತರ್ಕಕ್ಕೆ ಇಲ್ಲೂ ತೂಕ ಇದೆ.

ದುಡ್ಡು ಕೊಡುವ ಸ್ಟ್ಯಾಂಡಿನಲ್ಲಿ ಬಿಟ್ಟಿದ್ದರೆ

ರೈಲ್ವೆ ಸ್ಟೇಷನ್, ಬಸ್ ನಿಲ್ದಾಣದ ಸ್ಟ್ಯಾಂಡಿನಲ್ಲಿ ಚೀಟಿ ತಗೊಂಡು ಗಾಡಿ ಬಿಟ್ಟಿದ್ದರೆ ದಿನದ ಬಾಡಿಗೆ ನೀವು ಒಪ್ಪಿಕೊಂಡ ಬೆಲೆ. ಅದನ್ನ ಕೊಡಲೇಬೇಕು. ಇಲ್ಲಿ ಜಗಳ ಬರೋದು ದರದಲ್ಲಿ. ಬೋರ್ಡಿನಲ್ಲಿ ಒಂದು, ಬಾಯಲ್ಲಿ ಇನ್ನೊಂದು. ಸರ್ಕಾರಿ ಸಂಸ್ಥೆಯಿಂದ ಗುತ್ತಿಗೆ ಹಿಡಿದವನು ಗುತ್ತಿಗೆಯಲ್ಲಿ ಬರೆದ ದರಕ್ಕೇ ಬದ್ಧ. ಬೋರ್ಡಿನ ಫೋಟೋ ತಗೊಳ್ಳಿ. ಬೋರ್ಡೇ ಇಲ್ಲ ಅಂದ್ರೆ ಮಾಹಿತಿ ಹಕ್ಕು ಕಾಯ್ದೆ ಅಡಿ 10 ರೂಪಾಯಿ ಕಟ್ಟಿ ಗುತ್ತಿಗೆಯ ದರಪಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು.

ಎದುರಿನವರ ಮಾತಿಗೂ ಬೆಲೆ ಇದೆ

ಇಷ್ಟು ಓದಿ "ಹಾಗಾದ್ರೆ ಒಂದು ಪೈಸೆನೂ ಕೊಡಬೇಕಿಲ್ಲ" ಅಂದ್ಕೊಂಡ್ರೆ ತಪ್ಪು. ಇದಕ್ಕೆ ಉದಾಹರಣೆಯಾಗಿ ಭಾರತೀಯ ಆಹಾರ ನಿಗಮ, ಅಂದ್ರೆ ನಮ್ಮ ಎಫ್‌ಸಿಐ, ಸೋತ ಪ್ರಕರಣವೇ ಇದೆ.

1975ರಲ್ಲಿ ಅಮೆರಿಕದಿಂದ ಬಾಂಬೆಗೆ ಎಫ್‌ಸಿಐ ಗೋಧಿ ಹೊತ್ತು ಬರ್ತಿದ್ದ 'ವಿನ್ಸನ್' ಅನ್ನೋ ಹಡಗು ದಕ್ಷಿಣ ಚೀನಾ ಸಮುದ್ರದ ಬಂಡೆಸಾಲಿನ ಮೇಲೆ ಸಿಕ್ಕಿಹಾಕಿಕೊಂಡಿತು. ರಕ್ಷಣಾ ಕಂಪನಿಯವರು ಗೋಧಿಯ ಒಂದು ಭಾಗವನ್ನ ಇಳಿಸಿ ಫಿಲಿಪ್ಪೀನ್ಸಿನ ಮನಿಲಾಕ್ಕೆ ಸಾಗಿಸಿದರು. ಹಾಗೇ ಬಿಟ್ಟರೆ ಕೊಳೆಯುತ್ತೆ ಅಂತ ಗೋದಾಮಿನಲ್ಲಿ ಇಡಿಸಿದರು. ಆ ಗೋದಾಮಿನ ಬಾಡಿಗೆ ಯಾರು ಕೊಡಬೇಕು ಅನ್ನೋ ಜಗಳ ಹೌಸ್ ಆಫ್ ಲಾರ್ಡ್ಸ್ ತನಕ ಹೋಯಿತು. ಕೊನೆಗೆ ಎಫ್‌ಸಿಐ ಕೊಡಬೇಕು ಅಂತ ಆಯಿತು. ಕಾರಣ? ಕಂಪನಿಯವರು ಮಾಲೀಕರಿಗೆ ವಿಷಯ ತಿಳಿಸಿದ್ದರು, ಮಾಲೀಕರಿಂದ ಏನು ಮಾಡಬೇಕು ಅನ್ನೋ ಸೂಚನೆ ಬಂದಿರಲಿಲ್ಲ, ಮಾಡಿದ ಖರ್ಚು ಸರಕು ಉಳಿಸೋಕೆ ಬೇಕಾದ್ದೇ ಆಗಿತ್ತು, ಮತ್ತು ಅದು ಅವರು ಜೇಬಿನಿಂದ ನಿಜವಾಗಿ ಕೊಟ್ಟ ಹಣ.

ಈ ನಾಲ್ಕು ಕಾರಣಗಳನ್ನ ನಿಮ್ಮ ಬೈಕಿಗೆ ಹಾಕಿ ನೋಡಿ. ಪಿಜಿ ಓನರ್ ಮೂರು ಸಲ ವಾಟ್ಸ್ಯಾಪ್ ಮಾಡಿದ್ದಾರೆ, ನೀಲಿ ಟಿಕ್ ಬಂದಿದೆ, ನೀವು ಉತ್ತರ ಕೊಟ್ಟಿಲ್ಲ, ಅವರು ಟೆಂಪೋಗೆ 2,000 ಕೊಟ್ಟ ರಸೀದಿ ಇದೆ. ಆ 2,000ದ ಮೇಲೆ ನಿಮ್ಮ ವಾದ ನಿಲ್ಲೋದು ಕಷ್ಟ, ಕೊಡೋದೇ ನ್ಯಾಯ. ಉಳಿದ 24,000 ಬೇರೆ ಮಾತು. ಅವರದೇ ಖಾಲಿ ಜಾಗದಲ್ಲಿ ನಿಂತಿದ್ದರೆ ಅವರು ಯಾರಿಗೂ ಏನೂ ಕೊಟ್ಟಿಲ್ಲ. ಬೇರೆಯವರಿಗೆ ಕೊಡಬಹುದಾಗಿದ್ದ ಜಾಗ ತಪ್ಪಿತು ಅಂತ ತೋರಿಸಿದರೆ ಅಷ್ಟು ಕೇಳಬಹುದು. ಆದ್ರೆ ಒಂದು ಫೋನಿನಲ್ಲಿ ಮುಗಿಯುತ್ತಿದ್ದ ನಷ್ಟವನ್ನ ಎಂಟು ತಿಂಗಳು ಬೆಳೆಯೋಕೆ ಬಿಟ್ಟರೆ ಪೂರ್ತಿ ಸಿಗೋದಿಲ್ಲ. ನಷ್ಟವನ್ನ ತಪ್ಪಿಸುವ ದಾರಿ ಇತ್ತಾ ಅಂತ ನೋಡಲೇಬೇಕು ಅನ್ನುತ್ತೆ ಸೆಕ್ಷನ್ 73ರ ವಿವರಣೆ.

ಒಟ್ಟಿನಲ್ಲಿ ಅವರ ಮೌನ ಅವರಿಗೆ ನಷ್ಟ, ನಿಮ್ಮ ಮೌನ ನಿಮಗೆ ನಷ್ಟ. ಹಾಗಾಗಿ ಫೋನ್ ಬಂದ ದಿನವೇ ಬರವಣಿಗೆಯಲ್ಲಿ ಉತ್ತರ ಕೊಡಿ.

ಮಾಡಬಾರದ ಕೆಲಸ

ರಾತ್ರಿ ಹೋಗಿ ಚೈನ್ ಕತ್ತರಿಸಿ ಗಾಡಿ ಎತ್ಕೊಂಡು ಬರೋಣ ಅಂತ ಗೆಳೆಯರ ಗುಂಪಿನಲ್ಲಿ ಒಬ್ಬನಾದರೂ ಹೇಳ್ತಾನೆ. "ನಮ್ದೇ ಗಾಡಿ, ಅದು ಹೇಗೆ ಕಳ್ಳತನ ಆಗುತ್ತೆ?" ಅಂತ.

ಆಗುತ್ತೆ. ಕಳ್ಳತನದ ವ್ಯಾಖ್ಯಾನದಲ್ಲಿ, ಹಳೇ ದಂಡ ಸಂಹಿತೆಯ ಸೆಕ್ಷನ್ 378ರಲ್ಲೂ ಈಗಿನ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303ರಲ್ಲೂ, ಗಡಿಯಾರದ ಎರಡು ಉದಾಹರಣೆಗಳಿವೆ. ಸರಿಮಾಡೋಕೆ ಕೊಟ್ಟ ಗಡಿಯಾರವನ್ನ, ಏನೂ ಬಾಕಿ ಇಲ್ಲದ ಮಾಲೀಕ ಅಂಗಡಿಗೆ ನುಗ್ಗಿ ಕಿತ್ತುಕೊಂಡರೆ ಅದು ಕಳ್ಳತನ ಅಲ್ಲ. ಆದ್ರೆ ಅತಿಕ್ರಮ ಪ್ರವೇಶ, ಹಲ್ಲೆ ಆಗಬಹುದು. ರಿಪೇರಿ ಹಣ ಬಾಕಿ ಇದ್ದು, ಅಂಗಡಿಯವನು ಅದಕ್ಕಾಗಿ ಕಾನೂನುಬದ್ಧವಾಗಿ ಇಟ್ಟುಕೊಂಡಿದ್ದಾಗ, ಆ ಭದ್ರತೆ ತಪ್ಪಿಸೋ ಉದ್ದೇಶದಿಂದ ತಗೊಂಡು ಹೋದರೆ ಅದು ಕಳ್ಳತನವೇ. ತನ್ನದೇ ಗಡಿಯಾರವನ್ನ ತಾನೇ ಕದ್ದ ಹಾಗೆ. ಪ್ಲೇಸ್‌ಮೆಂಟ್ ಕೈಯಲ್ಲಿ ಇಟ್ಟುಕೊಂಡು ಇಂಥ ಸಾಹಸ ಬೇಡ.

ಮಾಡಬೇಕಾದ ಕೆಲಸ

ಮೊದಲು ಗಾಡಿ ನೋಡಿ, ಫೋಟೋ, ವಿಡಿಯೋ ತಗೊಳ್ಳಿ. ಓಡೋಮೀಟರ್, ಬ್ಯಾಟರಿ, ಕನ್ನಡಿ, ಟ್ಯಾಂಕು ಎಲ್ಲ ಬರಲಿ. ಇಟ್ಟುಕೊಂಡದ್ದಕ್ಕೆ ಹಣ ಕೇಳುವವರು ಅದರ ಜೋಪಾನಕ್ಕೂ ಹೊಣೆ. ತನ್ನದೇ ವಸ್ತುವನ್ನ ಸಾಮಾನ್ಯ ವಿವೇಕದ ಮನುಷ್ಯ ಎಷ್ಟು ಜೋಪಾನ ಮಾಡ್ತಾನೋ ಅಷ್ಟು ಮಾಡಬೇಕು ಅನ್ನುತ್ತೆ ಸೆಕ್ಷನ್ 151. ದೆಹಲಿಯ ಪಂಚತಾರಾ ಹೋಟೆಲೊಂದರಲ್ಲಿ ಸಿಬ್ಬಂದಿಯ ಕೈಗೆ ಪಾರ್ಕಿಂಗಿಗೆ ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ, ಚೀಟಿಯಲ್ಲಿ "ಮಾಲೀಕರದೇ ಹೊಣೆ" ಅಂತ ಬರೆದಿದ್ದರೂ ಹೋಟೆಲು ತನ್ನ ನಿರ್ಲಕ್ಷ್ಯಕ್ಕೆ ಉತ್ತರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಬ್ಯಾಟರಿ ಮಾಯ ಆಗಿದ್ದರೆ ಅದರ ಬೆಲೆಯನ್ನ ಬಿಲ್ಲಿನಿಂದ ಕಳೆಯೋಕೆ ಕೇಳಿ.

ಎರಡನೆಯದು ದಾಖಲೆ. ಆರ್‌ಸಿ ಸಾಮಾನ್ಯವಾಗಿ ಅಪ್ಪನ ಹೆಸರಿನಲ್ಲಿರುತ್ತೆ. ಹಾಗಿದ್ದರೆ ಅವರಿಂದ ಒಂದು ಅಧಿಕಾರ ಪತ್ರ, ಅವರ ಗುರುತಿನ ಚೀಟಿ ಪ್ರತಿ ಇಟ್ಟುಕೊಳ್ಳಿ. "ನೀವು ಓನರೇ ಅಲ್ಲ" ಅಂತ ಸಾಗಹಾಕೋದು ತಪ್ಪುತ್ತೆ.

ಮೂರನೆಯದು ಪತ್ರ. ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಭಾಷೆ ಮರ್ಯಾದೆಯಿಂದ ಇರಲಿ, ಬೈಗುಳ ನಿಮ್ಮ ಕೇಸನ್ನೇ ಹಾಳುಮಾಡುತ್ತೆ. ಹೀಗಿರಬಹುದು:

"ಮಾನ್ಯರೇ, ನನ್ನ ತಂದೆಯವರ ಹೆಸರಿನಲ್ಲಿ ನೋಂದಣಿಯಾದ ಇಂಥ ಸಂಖ್ಯೆಯ ದ್ವಿಚಕ್ರ ವಾಹನ ತಮ್ಮ ವಶದಲ್ಲಿದೆ ಎಂದು ಇಂಥ ದಿನಾಂಕದಂದು ದೂರವಾಣಿ ಮೂಲಕ ತಿಳಿಸಿದ್ದೀರಿ. ವಾಹನವನ್ನು ಕೂಡಲೇ ತೆಗೆದುಕೊಂಡು ಹೋಗಲು ಸಿದ್ಧನಿದ್ದೇನೆ. ತಾವು ಕೇಳಿರುವ 26,000 ರೂ. ಬಗ್ಗೆ ಕೆಳಗಿನ ವಿವರಗಳನ್ನು ಲಿಖಿತವಾಗಿ ಕೊಡಬೇಕೆಂದು ಕೋರುತ್ತೇನೆ. 1) ವಾಹನವನ್ನು ಸ್ಥಳಾಂತರಿಸಿದ ದಿನಾಂಕ ಮತ್ತು ಅದಕ್ಕಿದ್ದ ಅಧಿಕಾರ. 2) ಸ್ಥಳಾಂತರಕ್ಕೆ ಮುನ್ನ ನನಗೆ ನೀಡಿದ ಸೂಚನೆಯ ಪ್ರತಿ. 3) ದಿನಕ್ಕೆ 100 ರೂ. ದರಕ್ಕೆ ಆಧಾರವಾದ ಒಪ್ಪಂದ. 4) ವಾಸ್ತವವಾಗಿ ಪಾವತಿಸಿದ ಖರ್ಚಿನ ರಸೀದಿಗಳು. ರಸೀದಿ ಇರುವ ಸಾಗಣೆ ವೆಚ್ಚವನ್ನು ಕೊಡಲು ಒಪ್ಪಿದ್ದೇನೆ. ಉಳಿದ ಮೊತ್ತವನ್ನು ಒಪ್ಪುವುದಿಲ್ಲ. ಈ ಪತ್ರದ ದಿನಾಂಕದ ನಂತರವೂ ವಾಹನವನ್ನು ಹಿಡಿದಿಟ್ಟುಕೊಂಡರೆ ಆ ಅವಧಿಯ ಬಾಡಿಗೆಗೆ ನಾನು ಹೊಣೆಯಲ್ಲ. ನನ್ನ ಲಿಖಿತ ಒಪ್ಪಿಗೆಯಿಲ್ಲದೆ ವಾಹನವನ್ನು ಮಾರಬಾರದು, ಗುಜರಿಗೆ ಹಾಕಬಾರದು."

ಈ ಪತ್ರದಲ್ಲಿ ಕೆಲಸ ಮಾಡೋದು ಮೂರು ವಾಕ್ಯ. "ತೆಗೆದುಕೊಂಡು ಹೋಗಲು ಸಿದ್ಧ" ಅಂದ ಕೂಡಲೇ ನೀವು ಗಾಡಿ ಬಿಟ್ಟುಹೋದವರಲ್ಲ. "ರಸೀದಿ ಇರುವ ವೆಚ್ಚ ಕೊಡುತ್ತೇನೆ" ಅಂದಾಗ ನೀವು ತಪ್ಪಿಸಿಕೊಳ್ಳುವವರಲ್ಲ. "ಇಂದಿನಿಂದ ಬಾಡಿಗೆಗೆ ಹೊಣೆಯಲ್ಲ" ಅನ್ನೋದು ದಿನಕ್ಕೆ ನೂರರ ಮೀಟರಿಗೆ ನಿಮ್ಮ ಕಡೆಯಿಂದ ಬ್ರೇಕು. ಹೆಚ್ಚಿನ ಜಗಳಗಳು ಈ ಹಂತದಲ್ಲೇ ಮಾತುಕತೆಗೆ ಬರುತ್ತವೆ.

ಗಾಡಿ ಈಗಲೇ ಬೇಕಾದರೆ

ಕೆಲವು ಸಲ ವಾದಕ್ಕೆ ಸಮಯ ಇರಲ್ಲ. ನಾಳೆ ಟ್ರೈನು, ಗಾಡಿ ಪಾರ್ಸೆಲ್ ಹಾಕಬೇಕು. ಆಗ ಹಣ ಕಟ್ಟಿ, ಆದ್ರೆ ಆಕ್ಷೇಪಣೆಯೊಂದಿಗೆ ಕಟ್ಟಿ. ಕರಾರು ಕಾಯ್ದೆಯ ಸೆಕ್ಷನ್ 72 ಹೇಳೋದು: ತಪ್ಪು ತಿಳುವಳಿಕೆಯಿಂದ ಅಥವಾ ಒತ್ತಾಯಕ್ಕೆ ಸಿಕ್ಕಿ ಕೊಟ್ಟ ಹಣವನ್ನ ಪಡೆದವನು ಹಿಂದಿರುಗಿಸಬೇಕು. ಅದರ ಉದಾಹರಣೆ ನಮ್ಮ ವಿಷಯಕ್ಕೇ ಬರೆದ ಹಾಗಿದೆ. ಕಾನೂನಿಗೆ ಮೀರಿದ ಸಾಗಣೆ ಶುಲ್ಕ ಕೊಡದೆ ಸರಕು ಬಿಡಲ್ಲ ಅಂತ ರೈಲ್ವೆ ಕಂಪನಿ ಹಟ ಹಿಡಿಯುತ್ತೆ. ಸರಕು ಬೇಕಾದವನು ಕೇಳಿದಷ್ಟು ಕೊಟ್ಟು ಬಿಡಿಸಿಕೊಳ್ತಾನೆ. ಆಮೇಲೆ, ಅಕ್ರಮವಾಗಿ ಹೆಚ್ಚು ತಗೊಂಡಷ್ಟನ್ನ ಅವನು ವಾಪಸ್ ಪಡೆಯಬಹುದು.

ಹಾಗಾಗಿ ನಗದು ಬೇಡ. ಯುಪಿಐ ಅಥವಾ ಬ್ಯಾಂಕ್ ಮೂಲಕ ಕಳಿಸಿ. ಕಳಿಸೋ ಮೊದಲು "ವಾಹನ ಬಿಡಿಸಿಕೊಳ್ಳುವ ಸಲುವಾಗಿ ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ, ಹೆಚ್ಚುವರಿ ಮೊತ್ತ ಮರಳಿ ಪಡೆಯುವ ಹಕ್ಕು ಕಾಯ್ದಿರಿಸಿದ್ದೇನೆ" ಅಂತ ಮೆಸೇಜ್ ಹಾಕಿ. ರಸೀದಿ ಕೇಳಿ ತಗೊಳ್ಳಿ. "ಯಾವುದೇ ತಕರಾರಿಲ್ಲ" ಅಂತ ಅಚ್ಚು ಹಾಕಿದ ಕಾಗದಕ್ಕೆ ಸಹಿ ಕೇಳಿದರೆ, ಸಹಿಯ ಪಕ್ಕದಲ್ಲೇ "ಆಕ್ಷೇಪಣೆಯೊಂದಿಗೆ" ಅಂತ ಬರೆಯಿರಿ.

ಮುಂದೆ ಎಲ್ಲಿಗೆ

ನೀವು ಹಣ ಕೊಟ್ಟು ಸೇವೆ ಪಡೆದ ಕಡೆ, ಅಂದ್ರೆ ಸರ್ವಿಸ್ ಸೆಂಟರ್, ಪಾರ್ಕಿಂಗ್ ಸ್ಟ್ಯಾಂಡ್, ಬಾಡಿಗೆ ಕೊಟ್ಟ ಪಿಜಿ, ಇಲ್ಲೆಲ್ಲ ನೀವು ಗ್ರಾಹಕ ಅಂತ ವಾದಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಡಿ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಇ-ಜಾಗೃತಿ ಪೋರ್ಟಲಿನಲ್ಲಿ ಕೂತಲ್ಲಿಂದಲೇ ಸಲ್ಲಿಸಬಹುದು, ವಕೀಲರನ್ನ ಇಡಲೇಬೇಕು ಅಂತಿಲ್ಲ. ಘಟನೆ ಆಗಿ 2 ವರ್ಷದೊಳಗೆ ಸಲ್ಲಿಸಬೇಕು.

ನಿಮಗೂ ಅವರಿಗೂ ಯಾವ ವ್ಯವಹಾರವೂ ಇಲ್ಲದೆ, ಅಸೋಸಿಯೇಷನ್ನಿನವರೋ ಪಕ್ಕದ ಸೈಟಿನವರೋ ಗಾಡಿ ಎತ್ತಿಟ್ಟುಕೊಂಡಿದ್ದರೆ ಗ್ರಾಹಕ ಆಯೋಗ ಸರಿಯಾದ ಬಾಗಿಲಲ್ಲ. ಅದಕ್ಕೆ ಸಿವಿಲ್ ಕೋರ್ಟು. ಅದಕ್ಕೆ ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಲೋಕ ಅದಾಲತ್ತಿನಲ್ಲಿ ರಾಜಿ ಆಗುತ್ತಾ ನೋಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಮಿತಿಯೊಳಗಿನವರು ಅಲ್ಲಿ ಉಚಿತ ವಕೀಲರನ್ನೂ ಪಡೆಯಬಹುದು. ಸಹಾಯವಾಣಿ 15100. ನಿಮಗೆ ಹೇಳದೇ ಗಾಡಿ ಮಾರಿಬಿಟ್ಟಿದ್ದಾರೆ ಅಂತ ಗೊತ್ತಾದರೆ ಮಾತ್ರ ತಡ ಮಾಡದೇ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ.

"ಗಾಡಿ ನೀವೇ ಇಟ್ಕೊಳ್ಳಿ" ಯಾಕೆ ಅನ್ನಬಾರದು

ಬೈಕ್ ಬೆಲೆಗಿಂತ ಬಿಲ್ಲೇ ಜಾಸ್ತಿ ಆದಾಗ ಇದು ಜಾಣತನ ಅನ್ನಿಸುತ್ತೆ. ಆದ್ರೆ ಆರ್‌ಸಿಯಲ್ಲಿ ಹೆಸರು ಇರೋ ತನಕ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ, ಅಥವಾ ನಿಮ್ಮ ಅಪ್ಪ. ಗಾಡಿ ಕೈ ಬದಲಾಗಿದ್ದರೂ ನೋಂದಣಿ ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನೀವು ಬಿಟ್ಟುಹೋದ ಬೈಕನ್ನ ಯಾರೋ ಸ್ಟಾರ್ಟ್ ಮಾಡಿ, ಇನ್ಶೂರೆನ್ಸ್ ಇಲ್ಲದೆ ಓಡಿಸಿ, ಯಾರಿಗೋ ಗುದ್ದಿದರೆ ನೋಟಿಸು ಬರೋದು ನಿಮ್ಮ ಮನೆಗೆ. 24,000ದ ಜಗಳ ಆಗ ಚಿಲ್ಲರೆ ಅನ್ನಿಸುತ್ತೆ.

ಕೊಡೋದೇ ಆದರೆ ಸರಿಯಾಗಿ ಕೊಡಿ. ಮಾರಿದರೆ ಫಾರಂ 29, 30 ತುಂಬಿಸಿ, ರಾಜ್ಯದೊಳಗಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಿ. ಗುಜರಿಗೇ ಹಾಕೋದಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ತಗೊಳ್ಳಿ, ಆರ್‌ಸಿ ರದ್ದು ಮಾಡಿಸಿ.

ಈ ವರ್ಷ ಕೊನೇ ಸೆಮಿಸ್ಟರಿನಲ್ಲಿರುವವರು ನೋ ಡ್ಯೂಸ್ ಫಾರ್ಮಿನ ಜೊತೆಗೆ ಒಂದು ಸಾಲು ತಾವೇ ಸೇರಿಸಿಕೊಳ್ಳಿ: ಗಾಡಿ ಏನಾಯ್ತು? ಒಯ್ದರೆ ಒಳ್ಳೇದು, ಮಾರಿದರೆ ಹೆಸರು ಬದಲಾಯಿಸಿ. ಇಲ್ಲೇ ಬಿಡಲೇಬೇಕು ಅಂದ್ರೆ ಯಾರ ಜಾಗದಲ್ಲಿ, ಎಷ್ಟು ದಿನ, ಎಷ್ಟು ಹಣಕ್ಕೆ ಅಂತ ಒಂದು ವಾಟ್ಸ್ಯಾಪ್ ಮೆಸೇಜಿನಲ್ಲಾದರೂ ಬರೆದು "ಸರಿ" ಅನ್ನಿಸಿಕೊಂಡು ಹೋಗಿ. ಆ ಒಂದು ಮೆಸೇಜ್ ಇದ್ದರೆ ಈ ಲೇಖನದ ಮುಕ್ಕಾಲು ಭಾಗ ನಿಮಗೆ ಬೇಕಾಗೋದೇ ಇಲ್ಲ.